ಅತ್ತಿಗೆಯ ಅಂಗೈ

ಮನುಷ್ಯನ ಬಾಳು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕದ ಮೇಲೆ ನಿಂತಿದೆ. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಅದು ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಮೇಲೆ ನಿಂತಿತ್ತು. ಅತ್ತಿಗೆ ಒಮ್ಮೆ ತಿರುಗಿಸಿ ಮುಚ್ಚಿದರೆಂದರೆ, ತೆರೆಯಲು ಅವರೇ ಶಾಲೆಯಿಂದ ಬರಬೇಕು. ಅವರ ಅಂಗೈ ನೋಡಿದವರಿಗೆ ಇದು ಆಶ್ಚರ್ಯವಲ್ಲ. ಬೆರಳುಗಳ ಬುಡದಲ್ಲಿ ಹುಣಸೆಬೀಜ ಅಂಟಿಸಿದಂತೆ ಸಾಲಾಗಿ ಜಡ್ಡು.

ಅತ್ತಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಟೀಚರು. ಬೆನ್ನುನೋವಿಗೆಂದು ಜಿಮ್ಮಿಗೆ ಹೋದವರು ಡೆಡ್‌ಲಿಫ್ಟಿಗೆ ಮನಸೋತರು. ಅಂದರೆ, ನೆಲದ ಮೇಲಿರುವ ಭಾರದ ರಾಡನ್ನು ಬಗ್ಗಿ ಹಿಡಿದು, ಎತ್ತಿ, ನೆಟ್ಟಗೆ ನಿಲ್ಲುವುದು; ನಿಂತ ಮೇಲೆ ಮತ್ತೆ ಅಲ್ಲೇ ಇಡುವುದು. ಇದರಿಂದ ಲೋಕಕ್ಕೇನು ಲಾಭ ಎಂದು ನಾನೊಮ್ಮೆ ಕೇಳಿದ್ದೆ. "ನಿಮ್ಮ ಇಸ್ಪೀಟಿನಿಂದ ಆದಷ್ಟೇ" ಎಂದಿದ್ದರು.

ಭದ್ರಾವತಿಯ ಸ್ಪರ್ಧೆಯಲ್ಲಿ ಮೊದಲ ವರ್ಷ ನೂರು ಕೆಜಿ ಮೊಣಕಾಲು ದಾಟುವಾಗಲೇ ಬೆರಳು ಬಿಚ್ಚಿಕೊಂಡಿತು. ಬೆನ್ನು ಗಟ್ಟಿ, ಕಾಲು ಗಟ್ಟಿ, ಹಿಡಿತವೇ ಸಾಲದು ಎಂದರು ಕೋಚ್. ನನ್ನ ಅಮ್ಮನಿಗೆ ಸೊಸೆಯ ಈ ಕಬ್ಬಿಣದ ವ್ಯಾಮೋಹ ಮೊದಲೇ ಸರಿಬಂದಿರಲಿಲ್ಲ. ದಿನಾ ಒಂದು ಮಾತು. ಬೇಸತ್ತು ಅತ್ತಿಗೆಯೇ ಹೇಳಿಬಿಟ್ಟರು: "ಮುಂದಿನ ವರ್ಷವೂ ರಾಡು ಜಾರಿದ್ರೆ ಜಿಮ್ಮೇ ಬಿಟ್ಬಿಡ್ತೀನಿ ಅತ್ತೆ." ಅಮ್ಮ ಆ ಮಾತನ್ನು ಸೆರಗಿಗೆ ಗಂಟುಹಾಕಿಕೊಂಡರು.

ಅಂದಿನಿಂದ ಮನೆ ತಪೋವನವಾಯಿತು. ಅತ್ತಿಗೆ ತುಂಬಿದ ಕೊಡಪಾನಗಳನ್ನು ಬರೀ ಬೆರಳಿನಿಂದ ಬಾಯಂಚು ಹಿಡಿದು ಮಹಡಿಗೆ ಹೊತ್ತರು. ಬಟ್ಟೆ ಹಿಂಡುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ನನ್ನ ಹಳೆಯ ಪಂಚೆಯೊಂದು ಈ ಸಾಧನೆಗೆ ಬಲಿಯಾಯಿತು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಪೈಪಿಗೆ ಟವೆಲ್ಲು ಸುತ್ತಿ ಜೋತಾಡುತ್ತಿದ್ದರು. ಹೊತ್ತಿನ ಲೆಕ್ಕಕ್ಕೆ ಗಡಿಯಾರವಿಲ್ಲ, ಗಟ್ಟಿಯಾಗಿ ಹೇಳುವ 'ರಾಮಃ ರಾಮೌ ರಾಮಾಃ' ಎಂಬ ರಾಮಶಬ್ದ. ಮೊದಲ ದಿನ ದ್ವಿತೀಯಾ ವಿಭಕ್ತಿಗೇ ಕೆಳಗೆ ಬಿದ್ದವರು ದೀಪಾವಳಿ ಹೊತ್ತಿಗೆ ಸಪ್ತಮಿ ಮುಟ್ಟಿದರು. ಪಕ್ಕದ ಮನೆಯವರು ಇದನ್ನು ಭಕ್ತಿಯೆಂದೇ ತಿಳಿದರು.

ಎರಡನೆಯ ಸ್ಪರ್ಧೆಯ ಬೆಳಿಗ್ಗೆ ತಾವೂ ಬರುವುದಾಗಿ ಅಮ್ಮ ಹೇಳಿದರು. ಎತ್ತುವುದನ್ನು ನೋಡಲಿಕ್ಕಲ್ಲ, ಭದ್ರೆಯಲ್ಲಿ ಸ್ನಾನ ಮಾಡಲಿಕ್ಕೆ. ಕಾರಿನಲ್ಲಿ ಕೂತ ಮೇಲೆ ಸೊಸೆಯ ಅಂಗೈ ಅವರ ಕಣ್ಣಿಗೆ ಬಿತ್ತು. "ಇದೇನೇ, ಕೈ ಹೀಗೆ ಮಾಡ್ಕೊಂಡಿದ್ದೀಯ" ಎನ್ನುತ್ತ ಸ್ನಾನದ ಚೀಲದಿಂದ ಹರಳೆಣ್ಣೆ ತೆಗೆದು ದಾರಿಯುದ್ದಕ್ಕೂ ತಿಕ್ಕಿದರು. ಅತ್ತೆ ತಾವಾಗಿ ಕೈ ಹಿಡಿದದ್ದು ಅದೇ ಮೊದಲು. ಅತ್ತಿಗೆ ಎಳೆದುಕೊಳ್ಳಲಿಲ್ಲ.

ಎತ್ತಲು ಮೂರು ಅವಕಾಶ, ಒಂದರಲ್ಲಿ ಎತ್ತಿದರೂ ಸಾಕು. ಮೊದಲೆರಡರಲ್ಲೂ ರಾಡು ಜಾರಿತು. ಸೋಪಿಗೆ ಎಣ್ಣೆ ಜಗ್ಗಲಿಲ್ಲ; ಹಿಡಿತಕ್ಕೆಂದು ಕೋಚ್ ಕೊಟ್ಟ ಬಿಳಿ ಪುಡಿ ಅಂಗೈಯಲ್ಲೇ ಕಣಕವಾಯಿತು. ಅಮ್ಮ ಬೇಕೆಂದೇ ಹಚ್ಚಿದರೇನೋ ಎಂಬ ಪಾಪದ ಯೋಚನೆ ನನಗೆ ಬಂತು. ತಿರುಗಿ ನೋಡಿದರೆ ಅವರ ಕುರ್ಚಿ ಖಾಲಿ. ಸ್ನಾನದ ಚೀಲದಲ್ಲಿದ್ದ ಸೀಗೆಪುಡಿಯ ಪೊಟ್ಟಣ ಹಿಡಿದು ಸ್ಪರ್ಧಿಗಳ ನಡುವೆ ನುಗ್ಗಿ, ಸೊಸೆಯನ್ನು ನಲ್ಲಿಯ ಬಳಿ ಎಳೆದೊಯ್ದಿದ್ದರು.

"ಹಚ್ಚಿದ್ದು ನಾನು, ತೆಗೆಯೋದೂ ನಾನೇ. ಕೈ ಚಾಚು ಮಾರಾಯ್ತಿ."

ಮೂರನೆಯ ಸಲ ರಾಡು ಮೊಣಕಾಲು ದಾಟಿತು. ಅತ್ತಿಗೆಯ ತುಟಿ ಅಲುಗುತ್ತಿತ್ತು, ಯಾವ ವಿಭಕ್ತಿಯೋ ತಿಳಿಯದು. ನೆಟ್ಟಗೆ ನಿಂತರು. ತೀರ್ಪುಗಾರರು ಇಳಿಸಲು ಸನ್ನೆ ಮಾಡುವ ಮೊದಲೇ ಅಮ್ಮ, "ಸಾಕು, ಇಳಿಸೇ" ಎಂದರು. ಅತ್ತಿಗೆ ಸನ್ನೆ ಬಂದ ಮೇಲೆಯೇ ಇಳಿಸಿದರು. ಭದ್ರೆಯ ಸ್ನಾನ ಯಾರಿಗೂ ನೆನಪಾಗಲಿಲ್ಲ.

ಹೀಗೆ ಜಿಮ್ಮು ಉಳಿಯಿತು, ಹಿಡಿತವೂ ಉಳಿಯಿತು. ಕಳೆದ ತಿಂಗಳು ಬಚ್ಚಲಲ್ಲಿ ಅಮ್ಮ ಕಾಲು ಜಾರಿದಾಗ, ಬಾಗಿಲಲ್ಲಿದ್ದ ಅತ್ತಿಗೆ ಅವರ ರಟ್ಟೆ ಹಿಡಿದರು. ರಟ್ಟೆಯ ಮೇಲೆ ಬೆರಳುಗಳ ನೀಲಿ ಗುರುತು ಮೂಡಿತು. ಅಮ್ಮ ಅದನ್ನು ಬಂದವರಿಗೆಲ್ಲ ರವಿಕೆಯ ತೋಳು ಸರಿಸಿ ತೋರಿಸಿದರು. ಸೊಂಟ ಮುರಿಯಲಿಲ್ಲ.