ಐದನೆಯ ‘ಯಾಕೆ’

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಯಾವ ಕನ್ನಡದ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ ಇದ್ದರೂ ತಿರುಮಲೇಶ್ ಅಂಕಲ್ ಮೊಸರನ್ನದ ಜೊತೆಗೆ ಇಸ್ರೇಲನ್ನೂ ಹೊತ್ತು ತರುತ್ತಾರೆ. ಅವರು ಕಾರಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್. ಬ್ರೇಕ್ ಕೆಟ್ಟರೆ ಐದು ಸಲ ‘ಯಾಕೆ’ ಎಂದು ಕೇಳಿ ಮೂಲದೋಷ ಹಿಡಿಯುವುದು ಅಲ್ಲಿನ ಪದ್ಧತಿ. ನಮ್ಮ ಗ್ರಹಚಾರಕ್ಕೆ ಅದನ್ನು ಊಟಕ್ಕೂ ತರುತ್ತಾರೆ. “ಜಗತ್ತಲ್ಲಿ ಇಸ್ರೇಲ್ ಹೆಸರು ಯಾಕೆ ಕೆಡ್ತು? ಯುದ್ಧ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ? ಸರ್ಕಾರದ ಪಾಲಿಸಿ. ಆ ಪಾಲಿಸಿ ಯಾಕೆ? ಕುರ್ಚಿ ಉಳೀಬೇಕು! ಕುರ್ಚಿ ಯಾಕೆ ಉಳೀಬೇಕು? ಇಳಿದ್ರೆ ಕೋರ್ಟ್ ಕಾಯ್ತಿದೆ!” ಹೌದೆಂದು ತಲೆಯಾಡಿಸಿದರೆ ತಕ್ಷಣ ಹಮಾಸ್ ಕಡೆ ತಿರುಗುತ್ತಾರೆ; ಅಲ್ಲವೆಂದರೆ ಲೆಬನಾನ್ ದಾಟಿಸಿ ಇರಾನ್‌ವರೆಗೆ ಎಳೆದೊಯ್ಯುತ್ತಾರೆ. ಅಷ್ಟರಲ್ಲಿ ಬಿಸಿಬೇಳೆಬಾತ್ ಆರಿ ಗಟ್ಟಿಯಾಗಿರುತ್ತದೆ. ಇಷ್ಟಾದರೂ ಅವರ ತನಿಖೆ ನಾಲ್ಕನೆಯ ‘ಯಾಕೆ’ಗೇ ನಿಲ್ಲುತ್ತದೆ, ಐದನೆಯದು ಎಂದೂ ಬಂದದ್ದಿಲ್ಲ. ಕಳೆದ ಭಾನುವಾರ ರೋಸಿಹೋಗಿ ಕೇಳಿಯೇಬಿಟ್ಟೆ: “ಐದನೇದು ಎಲ್ಲಿ ಅಂಕಲ್?” ಅವರು ತಟ್ಟೆ ಕೆಳಗಿಟ್ಟರು. “ಅದನ್ನ ದಿನಾ ಫೋನಲ್ಲಿ ನನ್ನ ತಂಗಿಗೆ ಕೇಳ್ತೀನಪ್ಪ. ಇಸ್ರೇಲಿನ ಹೈಫಾದಲ್ಲಿ ವಯಸ್ಸಾದ ಅಜ್ಜಿಯೊಬ್ಬರನ್ನ ನೋಡ್ಕೊಳ್ಳೋ ಕೆಲಸ ಅವಳದು. ಇನ್ನೂ ಯಾಕೆ ಅಲ್ಲೇ ಇದೀಯ ಅಂದ್ರೆ, ‘ಸೈರನ್ ಆದಾಗ ಅಜ್ಜಿನ ಯಾರು ಬಂಕರ್‌ಗೆ ಮೆಟ್ಟಿಲು ಇಳಿಸ್ತಾರೆ, ಅಣ್ಣ?’ ಅಂತಾಳೆ.”