ಸಂಕಲ್ಪದಲ್ಲಿ ರಬೌಲ್

ಹೆಂಡತಿಯ ಶ್ರಾದ್ಧದ ಸಂಕಲ್ಪದಲ್ಲಿ ಶ್ರೀಪತಿ ಅಂಕಲ್ ಪ್ರತಿ ವರ್ಷವೂ ಊರಿನ ಹೆಸರು ತಪ್ಪು ಹೇಳುತ್ತಿದ್ದರು. ಸಿಡ್ನಿಯ ಟೂಂಗಾಬಿ ಬಡಾವಣೆಯ ಮನೆಯ ಗ್ಯಾರೇಜಿನಲ್ಲಿ, ಬೆರಳಿಗೆ ದರ್ಭೆ ಸುತ್ತಿಕೊಂಡು ಕೂತು, ಗಟ್ಟಿಯಾಗಿ "ರಬೌಲ್" ಅನ್ನುವರು. ವಾರವೆಲ್ಲ ಎಂಜಿನಿಯರ್ ಆಗಿದ್ದು ಶನಿವಾರ ಪುರೋಹಿತರಾಗುತ್ತಿದ್ದ ಭಟ್ಟರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಕರ್ಮ ಮಾಡ್ತಿರೋ ಊರು ಹೇಳ್ಬೇಕು ಅಂಕಲ್. ಸಿಡ್ನಿ ಅನ್ನಿ."

"ಅವಳು ಇರುವುದು ಅಲ್ಲಿ ಮಾರಾಯ್ರೆ. ಸಿಡ್ನಿಯಲ್ಲಿ ಕರೆದರೆ ಅವಳಿಗೆ ಎಂತ ಗೊತ್ತಾಗ್ತದೆ?"

ಉಡುಪಿಯ ಕಡೆಯವರು. ನ್ಯೂಗಿನಿಯ ರಬೌಲ್‌ನಲ್ಲಿ ವರ್ಷಗಟ್ಟಲೆ ಮೇಷ್ಟ್ರಾಗಿದ್ದು, ಹೆಂಡತಿಯನ್ನು ಅಲ್ಲೇ ಕಳೆದುಕೊಂಡು, ನಮ್ಮ ಪಕ್ಕದ ಮನೆಗೆ ಬಂದವರು. ನಾನು ಹುಳಿ ಮಾಡಿದ ದಿನ ಪಾತ್ರೆ ಹಿಡಿದು ಬರುವರು, ಉಪ್ಪು ಕಮ್ಮಿ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೋಗುವರು. ಅವರ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಪ್ರೀತಿಯೂ ಇತ್ತು.

ಒಂದು ನವೆಂಬರ್‌ನಲ್ಲಿ ನನ್ನ ಮಗಳು, ಮೊದಲ ಮಹಾಯುದ್ಧದ ಸೈನಿಕರ ನೆನಪಿಗೆ ಸ್ಕೂಲಿನಲ್ಲಿ ಮಾಡಿದ ಕೆಂಪು ಕಾಗದದ ಹೂ ತೋರಿಸಿ, "ವಿ ವನ್, ಅಂಕಲ್" ಎಂದಳು.

"ಹೌದು ಮಗಾ. ಜರ್ಮನಿ ಸೋತಿತು, ಅದರ ಕೈಯಲ್ಲಿದ್ದ ನ್ಯೂಗಿನಿ ಆಸ್ಟ್ರೇಲಿಯಾಕ್ಕೆ ಬಂತು. ಅಲ್ಲಿಯವರನ್ನು ಯಾರೂ ಕೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ರಬೌಲ್‌ನಲ್ಲಿ ನಮ್ಮ ನೆರೆಯಲ್ಲಿ ಒಬ್ಬ ಮುದುಕ ಇದ್ದ. ಅವನ ಅಜ್ಜನ ಜಾಗ ಹಿಡಿದು ಜರ್ಮನಿಯವ ತೆಂಗು ಹಾಕಿದ್ದ. ಯುದ್ಧ ಮುಗಿದ ಮೇಲೆ ಅದೇ ತೋಟ ಆಸ್ಟ್ರೇಲಿಯಾದ ಸೋಲ್ಜರಿಗೆ ಹೋಯ್ತು. ಮುದುಕನ ಅಪ್ಪ ಇಬ್ಬರ ಕೈಯಲ್ಲೂ ಬೆತ್ತದ ಪೆಟ್ಟು ತಿಂದ. ನನ್ನ ಹೆಂಡತಿ ತೀರಿಹೋದಾಗ ಆ ತೋಟದಂಚಿನ ಕಡಲ ದಂಡೆಯಲ್ಲಿ ಸುಡ್ಲಿಕ್ಕೆ ಕೇಳಿದೆ. ತೋಟದ ದೊರೆ ಬೇಡ ಅಂದ. ಇದು ನನ್ನ ಅಜ್ಜನ ನೆಲ ಅಂತ ಮುದುಕ ತಾನೇ ಸೌದೆ ಒಟ್ಟಿದ. ನನ್ನ ಬೂದಿಯೂ ಅಲ್ಲಿಗೇ ಹೋಗ್ಬೇಕು ಮಾರಾಯ್ತಿ, ನೆನಪಿಟ್ಟುಕೋ."

ತೊಂಬತ್ತನಾಲ್ಕರಲ್ಲಿ ಜ್ವಾಲಾಮುಖಿ ಸಿಡಿದು ರಬೌಲ್ ಹೂತುಹೋಯಿತು. ಅಂಕಲ್ ನಮ್ಮ ಟಿವಿಯ ಮುಂದೆ ಕೂತವರು ಏಳಲೇ ಇಲ್ಲ. "ದಂಡೆ ಯಾವುದು ಅಂತ ಗೊತ್ತಾಗುವುದಿಲ್ವಲ್ಲ," ಎಂದರು. ಕೊಟ್ಟ ಕಾಫಿ ಹಾಗೇ ಆರಿತು.

ಆಮೇಲೆ ಅವರ ಮಗ ಅವರನ್ನು ತಾನಿದ್ದ ಮೆಲ್ಬರ್ನ್‌ಗೆ ಕರೆದುಕೊಂಡು ಹೋದ. ಮರು ವರ್ಷ ಅಲ್ಲೇ ತೀರಿಕೊಂಡರು. ನಾನು ಹೋಗಿ ಅವರ ಕೊನೆಯ ಆಸೆಯನ್ನು ಹೇಳಿದೆ, ಜಗಳವನ್ನೇ ಆಡಿದೆ.

"ಆ ಬೀಚೇ ಈಗ ಇಲ್ಲ ಆಂಟಿ. ಇಲ್ಲೇ ಬೋಟ್ ಬುಕ್ ಮಾಡಿದೀನಿ," ಎಂದ.

ಕೊಲ್ಲಿಯ ನಡುವೆ ಬೋಟ್ ನಿಂತಿತು. ಮಗನ ಮಡಿಲಲ್ಲಿ ಅಸ್ಥಿಯ ಡಬ್ಬಿ ಇತ್ತು. ಅಲ್ಲಿಯ ಪುರೋಹಿತರು ಸಂಕಲ್ಪಕ್ಕೆ ಊರಿನ ಹೆಸರು ಹೇಳಿ ಎಂದರು. ಮಗ "ಮೆಲ್ಬರ್ನ್" ಎಂದ. ಪುರೋಹಿತರು ತಿದ್ದಲಿಲ್ಲ.