ನೀರುನಾಯಿ ಮಡುವಿನ ಕಾಕಾ

ಕಾಕಾ ಅವರ ಎಡಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದಿರುತ್ತಿತ್ತು. ಯಾರನ್ನು ನೋಡಿದರೂ ಅನುಮಾನದಿಂದ ನೋಡಿದಂತೆ ಕಾಣುತ್ತಿತ್ತು. ಕಾಣುವುದೇನು ಬಂತು, ಅನುಮಾನವೇ. ಖಾನಾಪುರದ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿದ್ದವರು. ನೀರುನಾಯಿಗಳ ಅಧ್ಯಯನಕ್ಕೆಂದು ಶಹರದ ಟಿಳಕವಾಡಿಯಿಂದ ಹೋದ ನನ್ನ ಮೊಬೈಲನ್ನು ಮೊದಲ ದಿನವೇ ಇಸಿದುಕೊಂಡು ತಮ್ಮ ಬುತ್ತಿಡಬ್ಬಿಯಲ್ಲಿ ಹಾಕಿದರು. "ಫೋಟೋದಾಗ ಜಾಗಾ ಗೊತ್ತಾಗತೈತಂತ. ಈಗ ನಡೀರಿ ಅಕ್ಕಾರ."

ಹೊಳೆಯ ಕೆಳಭಾಗದಲ್ಲಿ ಮರಳಿನ ದಂಡೆ, ಅಗಲವಾದ ಮಡುಗಳು, ಬೇಕಾದಷ್ಟು ಮೀನು. ನೀರುನಾಯಿ ಮಾತ್ರ ಒಂದೂ ಇಲ್ಲ. ಇದ್ದದ್ದು ಮೇಲೆ, ಬಂಡೆಗಳ ನಡುವಿನ ಒಂದೇ ಒಂದು ಇಕ್ಕಟ್ಟಾದ ಮಡುವಿನಲ್ಲಿ. ಇವಕ್ಕೆ ಬಂಡೆ ಇಷ್ಟ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆದುಕೊಂಡೆ. ಕಾಕಾ ನಕ್ಕರು.

"ಇಷ್ಟಾನೂ ಇಲ್ಲ, ಗಿಷ್ಟಾನೂ ಇಲ್ರಿ. ಕೆಳಗ ಮೀನಿಗೆ ಬಲಿ ಹಾಕ್ತಾರ, ನೀರಾಗ ಮದ್ದು ಸಿಡಿಸ್ತಾರ. ಮಂದಿ ಬಿಟ್ಟ ಜಾಗಾದಾಗ ಇವು ಉಳದಾವ."

ಅನುಮಾನ ನನಗೂ ಅವರ ಮೇಲಿತ್ತು. ಅರ್ಧ ತಾಸಿನ ಮಡುವಿಗೆ ಎರಡು ತಾಸು ಸುತ್ತಿಸುತ್ತಿದ್ದರು, ಪ್ರತಿ ಸಲ ಬೇರೆ ಹಾದಿ, ಅದೂ ಮುಳ್ಳುಕಂಟಿಯೊಳಗೆ. ಕೇಳಿದರೆ "ಸುಮ್ನ ಬರ್ರಿ" ಎನ್ನುವರು. ಬಲೆಯವರ ಜೊತೆ ಕೈಜೋಡಿಸಿ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಅವರಿಗೆ ಹೇಳದೆ, ನೆಟ್ಟಗಿನ ಹಾದಿ ಹಿಡಿದು ಒಂದು ವಾರ ದಿನವೂ ಒಬ್ಬಳೇ ಹೋಗಿಬಂದೆ, ದೊಡ್ಡ ಪತ್ತೇದಾರಳ ಹಾಗೆ. ಏಳನೆಯ ದಿನದ ಹೊತ್ತಿಗೆ ಹುಲ್ಲು ಮಲಗಿ ಕಾಲ್ದಾರಿ ಬಿದ್ದಿತ್ತು. ಅದರ ತುದಿಗೆ, ಮಡುವಿನಲ್ಲಿ ಯಾರದೋ ಬಲೆ. ಅದರೊಳಗೆ ನೀರುನಾಯಿಯ ಸತ್ತ ಮರಿ.

ಓಡಿಹೋಗಿ ಹೇಳಿದೆ. ಕಾಕಾ ಬಂದು ಮೊದಲು ದಾರಿ ನೋಡಿದರು, ಆಮೇಲೆ ನನ್ನ ಬೂಟು ನೋಡಿದರು.

"ಒಂದ ಹಾದಿ ನಾಕ ಸಲ ತುಳದ್ರ, ಅದು ನಮಗಷ್ಟ ಇರಂಗಿಲ್ರಿ ಅಕ್ಕಾರ."

ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಬಲೆ ಕೊಯ್ದು, ಮರಿಯನ್ನು ಮಣ್ಣುಮಾಡಿ, ಸಂಜೆವರೆಗೂ ಇಬ್ಬರೂ ಆ ದಾರಿಯ ತುಂಬ ಮುಳ್ಳು ಹರವಿದೆವು. ಮರುವಾರ ಮತ್ತೆ ಕರೆದೊಯ್ದರು. ಮೊಬೈಲು ಮತ್ತೆ ಡಬ್ಬಿಗೆ ಹೋಯಿತು.

ಹೋದ ವರ್ಷ ಕಾಕಾ ತೀರಿಕೊಂಡರು. ಅವರ ಮಣ್ಣಿಗೆ ಹೋದವಳು ಅಲ್ಲಿಂದ ಮಡುವಿಗೂ ಹೋದೆ. ದಡದ ಕೆಸರಿನಲ್ಲಿ ನೀರುನಾಯಿಯ ಹಸಿ ಹೆಜ್ಜೆಗಳಿದ್ದವು, ಮರಿಗಳವೂ ಇದ್ದವು. ಯಾರಿಗೆ ಹೇಳಬೇಕಿತ್ತೋ ಅವರೇ ಇರಲಿಲ್ಲ. ಅಲ್ಲೇ ಕೂತು ಅತ್ತೆ. ತಿರುಗಿ ಹೊರಟಾಗ ಬಂದ ಹಾದಿಯನ್ನು ಬಿಟ್ಟು ಮುಳ್ಳುಕಂಟಿಯೊಳಗೆ ಇಳಿದೆ.